ಕೇಸ್ ಇಂಟರ್‌ವ್ಯೂಗೆ ಫ್ರೇಮ್‌ವರ್ಕ್ ಬಾಯಿಪಾಠ ಬೇಕಾ?

ಪ್ರಶ್ನೆ (ಸುರತ್ಕಲ್, ಇಂಜಿನಿಯರಿಂಗ್ ಕೊನೆಯ ವರ್ಷ):
ಮುಂದಿನ ತಿಂಗಳು ಕನ್ಸಲ್ಟಿಂಗ್ ಕಂಪನಿಗಳ ಕೇಸ್ ಇಂಟರ್‌ವ್ಯೂ ಉಂಟು, ಅಂದರೆ ಒಂದು ವ್ಯವಹಾರದ ಸಮಸ್ಯೆ ಕೊಟ್ಟು ಅಲ್ಲಿಯೇ ಬಿಡಿಸಲು ಹೇಳುವುದು. ನಾನು ಮೆಕ್ಯಾನಿಕಲ್, ವ್ಯವಹಾರದ ಗಂಧಗಾಳಿ ಇಲ್ಲ. ಪೋರ್ಟರ್‌ನ ಐದು ಬಲಗಳು, ನಾಲ್ಕು ಪಿ, ಮೂರು ಸಿ, ಬಿಸಿಜಿ ಮ್ಯಾಟ್ರಿಕ್ಸ್, ಹೀಗೆ ಸಮಸ್ಯೆ ಬಿಡಿಸಲು ಇರುವ ಸಿದ್ಧ ಚೌಕಟ್ಟುಗಳನ್ನು (ಫ್ರೇಮ್‌ವರ್ಕ್) ಎಲ್ಲ ಕಾರ್ಡಿನಲ್ಲಿ ಬರೆದು ಬಾಯಿಪಾಠ ಮಾಡಿದ್ದೇನೆ. ಮೊನ್ನೆ ಸೀನಿಯರ್ ಒಬ್ಬರ ಜೊತೆ ಪ್ರಾಕ್ಟೀಸ್ ಮಾಡುವಾಗ "ಇದಕ್ಕೆ ಐದು ಬಲಗಳನ್ನು ಹಾಕ್ತೇನೆ" ಅಂದದ್ದೇ ತಡ, ಅವರು ನಕ್ಕುಬಿಟ್ಟರು. ಯಾಕೆಂದು ಹೇಳಲೂ ಇಲ್ಲ. ಹೋಗಿ ಬಂದವರು ಹೇಳಿ, ಇವೆಲ್ಲ ಬೇಕಾ ಬೇಡವಾ?

ಉತ್ತರ (ಮಲ್ಪೆಯವ, ಈಗ ಬೆಂಗಳೂರಿನಲ್ಲಿ):
ಅವರು ನಗಬಾರದಿತ್ತು ಮಾರಾಯ. ನಾನೂ ಹಾಗೆಯೇ ಹೇಳಿದವ, ಅದೂ ನಿಜವಾದ ಇಂಟರ್‌ವ್ಯೂನಲ್ಲಿ. ನನ್ನ ಬಯೋಡೇಟಾದಲ್ಲಿ ಮಲ್ಪೆ ಅಂತ ನೋಡಿ ಎದುರು ಕೂತವರು ಕೊಟ್ಟ ಕೇಸ್ ಇದು: ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟ್, ವರ್ಷಕ್ಕೆ 40 ಲಕ್ಷ ಇದ್ದ ಲಾಭ 22 ಲಕ್ಷಕ್ಕೆ ಇಳಿದಿದೆ, ಯಾಕೆ? ನಾನು ಕಾಗದದಲ್ಲಿ ಐದು ಚೌಕ ಎಳೆದು ಹೊಸ ಸ್ಪರ್ಧಿಗಳು, ಬದಲಿ ವಸ್ತು, ಗಿರಾಕಿಯ ಬಲ ಅಂತ ಪುಂಗಿ ಊದಿದೆ. ಪಾಪ, ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು: "ಜೂನ್, ಜುಲೈಯಲ್ಲಿ ಆ ಪ್ಲಾಂಟ್ ಏನು ಮಾಡುತ್ತದೆ?"

ನಮ್ಮ ಮನೆಯಿಂದ ಬೋಟು ನಿಲ್ಲುವ ಧಕ್ಕೆಗೆ ಹತ್ತು ನಿಮಿಷದ ದಾರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಐಸ್ ಕೇಳುವ ಬೋಟೂ ಇಲ್ಲ ಅಂತ ನಮ್ಮೂರಿನ ಶಾಲೆ ಮಕ್ಕಳಿಗೂ ಗೊತ್ತು. ಐದು ಚೌಕದಲ್ಲಿ ಎಲ್ಲಿಯೂ ಅದು ಬಂದೇ ಇರಲಿಲ್ಲ.

ಪೋರ್ಟರ್ 1979ರಲ್ಲಿ ಆ ಐದನ್ನು ಮುಂದಿಟ್ಟದ್ದು ಒಂದಿಡೀ ಉದ್ಯಮದಲ್ಲಿ ಪೈಪೋಟಿ ಹೇಗುಂಟು, ಲಾಭಕ್ಕೆ ಎಷ್ಟು ಜಾಗ ಉಂಟು ಅಂತ ನೋಡಲಿಕ್ಕೆ. ಒಂದೇ ಪ್ಲಾಂಟಿನ ಲಾಭ ಈ ವರ್ಷ ಯಾಕೆ ಬಿತ್ತು ಅನ್ನುವುದು ಬೇರೆಯೇ ಪ್ರಶ್ನೆ. ತಂದದ್ದು ಬಂಗುಡೆ ಮೀನಾ ಮರುವಾಯಿ ಚಿಪ್ಪಾ ಅಂತ ನೋಡದೆ ಮಸಾಲೆ ಅರೆದಿಟ್ಟ ಹಾಗಾಯಿತು ನನ್ನದು.

ಅಂಕಿಗಳು ಅವರ ಹತ್ತಿರ ಇದ್ದವು, ಆದರೆ ಕೇಳಿದರೆ ಮಾತ್ರ ಕೊಡುವುದು. ಆದಾಯ 200 ಲಕ್ಷದಿಂದ 190ಕ್ಕೆ ಬಂದಿತ್ತು. ಅಂದರೆ ಕಡಿಮೆಯಾದ 18 ಲಕ್ಷದಲ್ಲಿ ಮಾರಾಟದ ಪಾಲು 10 ಮಾತ್ರ. ಉಳಿದ 8 ಖರ್ಚಿನದ್ದು, 160 ಇದ್ದದ್ದು 168 ಆಗಿತ್ತು. ಐಸ್ ಕಡಿಮೆ ಹೋದರೂ ಖರ್ಚು ಏರಿದ್ದು ಹೇಗೆ? ಕೇಸಿನ ಗಂಟು ಇರುವುದು ಇಲ್ಲಿ. ಒಮ್ಮೆ ಒಳಗೆ ಹೋಗಿ ನೋಡಿದವರಿಗೆ ಗೊತ್ತಾಗ್ತದೆ: ಸಾಲು ಸಾಲು ಕ್ಯಾನುಗಳು ಉಪ್ಪುನೀರಿನ ಟ್ಯಾಂಕಿನಲ್ಲಿ ಮುಳುಗಿರುತ್ತವೆ. ಅರ್ಧ ಕ್ಯಾನ್ ಖಾಲಿ ಇದ್ದರೂ ಟ್ಯಾಂಕ್ ತಣ್ಣಗಿರಲೇಬೇಕು, ಅಮೋನಿಯಾ ಕಂಪ್ರೆಸರ್ ಓಡಲೇಬೇಕು. ಬೋಟು ಕಡಿಮೆ ಬಂತು ಅಂತ ಕರೆಂಟ್ ಬಿಲ್ಲು ಅಷ್ಟೇ ಕಡಿಮೆ ಆಗುವುದಿಲ್ಲ. ಇಷ್ಟು ಹೊಳೆದರೆ ಮುಂದಿನ ಪ್ರಶ್ನೆಗಳು ತಾವಾಗಿ ಬರ್ತವೆ: ಯೂನಿಟ್ ದರ ಏರಿತಾ, ಕಂಪ್ರೆಸರ್ ಹಳತಾಯಿತಾ, ಕೆಲವು ಟ್ಯಾಂಕ್ ನಿಲ್ಲಿಸಬಹುದಾ, ಮೀನಿನ ಲಾರಿಗಳಿಗೆ ಹೆಚ್ಚು ಮಾರಬಹುದಾ.

ನನಗೆ ಇದು ಹೊಳೆದದ್ದು ವಾಪಸ್ ಬರುವಾಗ ಬಸ್ಸಿನಲ್ಲಿ. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಉತ್ತರ (ಕದ್ರಿಯಿಂದ):
ಮೇಲಿನವರು ಹೇಳಿದ್ದು ಸರಿ, ಆದರೆ ಕಾರ್ಡುಗಳನ್ನು ಬಿಸಾಡಬೇಡಿ. ನನ್ನ ಮಂಡೆ ಪೂರ್ತಿ ಖಾಲಿಯಾದಾಗ ಕೈ ಹಿಡಿದದ್ದು ಆ ಮೂರು ಸಿ: ಗಿರಾಕಿ, ಪೈಪೋಟಿಯವರು, ಕಂಪನಿ. ಯಾವುದನ್ನೂ ಮರೆತಿಲ್ಲವಾ ಅಂತ ಕೊನೆಗೆ ಮನಸ್ಸಿನಲ್ಲೇ ಒಮ್ಮೆ ಓಡಿಸಿ ನೋಡಲಿಕ್ಕೆ ಅವು ಒಳ್ಳೆಯವು. ಹೆಸರು ಮಾತ್ರ ಬಾಯಲ್ಲಿ ಬರಬಾರದು. ಇನ್ನೊಂದು, ಕನ್ಸಲ್ಟಿಂಗ್ ಕಂಪನಿಗಳ ಪೈಕಿ ಮೆಕಿನ್ಸಿಯಲ್ಲಿ ಸಾಮಾನ್ಯವಾಗಿ ಸಂದರ್ಶಕರೇ ಒಂದೊಂದೇ ಪ್ರಶ್ನೆ ಕೇಳಿಕೊಂಡು ಹೋಗ್ತಾರೆ, ಬಿಸಿಜಿ, ಬೇನ್‌ನಲ್ಲಿ ಹೆಚ್ಚಾಗಿ ದಾರಿ ನೀವೇ ಹಿಡಿಯಬೇಕು. ಎರಡಕ್ಕೂ ತಯಾರಿ ಬೇರೆ.

ಉತ್ತರ (ಮಣಿಪಾಲದಲ್ಲಿ ಎಂಬಿಎ ಮಾಡಿದವಳು):
ಪ್ರಾಕ್ಟೀಸಿಗೆ ಅಮೆರಿಕದ ಕಾಫಿ ಅಂಗಡಿಯೇ ಯಾಕೆ? ನಾವು ಪಿಗ್ಮಿಯನ್ನೇ ಕೇಸ್ ಮಾಡಿಕೊಂಡಿದ್ದೆವು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ತಂದ ಠೇವಣಿ, ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ 2 ಆಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ನೀವು ಆಗಿನ ಮ್ಯಾನೇಜರ್ ಅಂತ ಇಟ್ಟುಕೊಳ್ಳಿ, ಶುರು ಮಾಡ್ತೀರಾ? ನನ್ನ ಗೆಳತಿ ನಾಲ್ಕು ಪಿ (ವಸ್ತು, ಬೆಲೆ, ಜಾಗ, ಪ್ರಚಾರ) ಹಿಡಿದು ಹೊರಟಳು, ಪ್ರಚಾರ ಹೇಗೆ ಅನ್ನುವಲ್ಲಿಯೇ ಅರ್ಧ ಗಂಟೆ ಹೋಯಿತು. ನಿಜವಾಗಿ ಕೂತು ಲೆಕ್ಕ ಹಾಕಬೇಕಾದ್ದು ಒಂದೇ: 2 ಆಣೆ ತರಲು ಏಜೆಂಟ್ ನಡೆಯುವ ದಾರಿಗೆ ಎಷ್ಟು ಖರ್ಚು, ಒಂದು ಬೀದಿಯಲ್ಲಿ ಎಷ್ಟು ಮನೆಯವರು ಹಣ ಕಟ್ಟಿದರೆ ಆ ಖರ್ಚು ಹುಟ್ಟುತ್ತದೆ. ಆ ಎರಡು ಸಾಲು ಬರೆದರೆ ಫ್ರೇಮ್‌ವರ್ಕ್ ನೀವೇ ಮಾಡಿದ ಹಾಗೆ.

ಪ್ರಶ್ನೆ ಕೇಳಿದವ:
ಧನ್ಯವಾದ ಅಣ್ಣ, ಅಕ್ಕ. ಕೇಸ್ ಕೇಳಿದ ಕೂಡಲೇ ಮಾತಾಡದೆ ಕೂತರೆ ತಪ್ಪು ತಿಳಿಯುವುದಿಲ್ಲವಾ?

ಉತ್ತರ (ಮಲ್ಪೆಯವ):
ಇಲ್ಲ. "ಒಂದು ನಿಮಿಷ ಕೊಡಿ" ಅಂತ ಕೇಳಿ ಬರೆದುಕೊಳ್ಳಿ, ಎಲ್ಲರೂ ಕೇಳ್ತಾರೆ. ಅದಕ್ಕೂ ಮೊದಲು ಕೇಸನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ, ನಾನು 40 ಲಕ್ಷವನ್ನು 14 ಅಂತ ಕೇಳಿಸಿಕೊಂಡದ್ದೂ ಉಂಟು. ಈ ಶನಿವಾರ ಊರಿಗೆ ಬರ್ತೇನೆ. ಸಂಜೆ ಮಲ್ಪೆಗೆ ಬಂದರೆ ಐಸ್ ಪ್ಲಾಂಟ್ ತೋರಿಸಿ ಅಲ್ಲಿಯೇ ಒಂದು ಕೇಸ್ ಕೊಡ್ತೇನೆ. ಗೆರೆ ಇಲ್ಲದ ಕಾಗದ ತನ್ನಿ, ಕಾರ್ಡು ಮನೆಯಲ್ಲೇ ಇರಲಿ.