ಪೋಸ್ಟರಿನ ಮೇಲಿನ ಕೆಂಪು ಪ್ಲಸ್

ಗುಂಪು: ಬಸವನಗುಡಿ ಹಳೆಯ ವಿದ್ಯಾರ್ಥಿಗಳು

ಮಂಜುನಾಥ: ಭಾನುವಾರದ ಉಚಿತ ಆರೋಗ್ಯ ತಪಾಸಣಾ ಶಿಬಿರದ ಪೋಸ್ಟರ್ ಸಿದ್ಧ. ನಾಳೆ ಗಾಂಧಿ ಬಜಾರಿನಲ್ಲಿ ಅಂಟಿಸುತ್ತೇವೆ. ಎಲ್ಲರೂ ಹಂಚಿ.

ಸುಧಾ: ಅಂಟಿಸುವ ಮೊದಲು ಆ ಕೆಂಪು ಪ್ಲಸ್ ತೆಗೆಸು ಮಂಜು. ಅದು ರೆಡ್ ಕ್ರಾಸ್ ಚಿಹ್ನೆ. ಯುದ್ಧದಲ್ಲಿ ಗಾಯಾಳುಗಳು, ಸೆರೆಯಾಳುಗಳು, ನಾಗರಿಕರನ್ನು ಕಾಯುವ ಅಂತರರಾಷ್ಟ್ರೀಯ ಜಿನೀವಾ ಒಪ್ಪಂದಗಳಿಗಾಗಿ ನಮ್ಮಲ್ಲಿರುವ 1960ರ ಕಾಯ್ದೆಯ 12ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ.

ರಮೇಶ: ಬಂದರಪ್ಪ ವಕೀಲರು! ಔಷಧಿ ಅಂಗಡಿ, ಆಂಬುಲೆನ್ಸ್, ಕೊನೆಗೆ ನಮ್ಮ ಬೀದಿಯ ನಾಯಿ ಡಾಕ್ಟರ ಸ್ಕೂಟರಿನ ಮೇಲೂ ಅದೇ ಗುರುತಿದೆ. ಯುದ್ಧದ ಕಾನೂನನ್ನು ಬಿಪಿ ನೋಡುವ ಶಿಬಿರಕ್ಕೆ ಏಕೆ ಎಳೆದು ತರುತ್ತೀಯ?

ಸುಧಾ: ಯುದ್ಧದಲ್ಲಿ ಅದಕ್ಕೆ ಬೆಲೆ ಉಳಿಯಲಿ ಎಂದೇ ಶಾಂತಿಕಾಲದಲ್ಲಿ ಕಾಯುವುದು. ಇಲ್ಲಿ ಗಾಯಾಳುಗಳಿದ್ದಾರೆ, ಗುಂಡು ಹಾರಿಸಬೇಡಿ ಎನ್ನುವುದಕ್ಕೆ 1864ರಲ್ಲಿ ಬಂದ ಗುರುತು ಅದು. 1949ರ ನಾಲ್ಕು ಜಿನೀವಾ ಒಪ್ಪಂದಗಳನ್ನು ಭಾರತ 1950ರಲ್ಲೇ ಅಂಗೀಕರಿಸಿದೆ. ಚಿಹ್ನೆಯ ದುರುಪಯೋಗ ತಡೆಯಲು ದೇಶದೊಳಗೆ ಕಾನೂನು ಇರಬೇಕೆಂಬುದು ಅವುಗಳದ್ದೇ ಷರತ್ತು.

ರಮೇಶ: ದಂಡ ಎಷ್ಟು, ಅದನ್ನೂ ಹೇಳಮ್ಮ.

ಸುಧಾ: ಹೆಚ್ಚೆಂದರೆ 500 ರೂಪಾಯಿ.

ರಮೇಶ: 😀 ವಿ.ವಿ. ಪುರದ ತಿಂಡಿ ಬೀದಿಯಲ್ಲಿ ನಮ್ಮ ಒಂದು ಸಂಜೆಗೂ ಸಾಲದು.

ಸುಧಾ: ಗುರುತು ಹಾಕಿದ ಸಾಮಾನೂ ಜಪ್ತಿಯಾಗಬಹುದು. ನಿಮ್ಮ ಟೋಪಿಗಳೂ ಸೇರಿ.

ಮಂಜುನಾಥ: ಟೋಪಿ ಇನ್ನೂ ಮುದ್ರಣಕ್ಕೇ ಹೋಗಿಲ್ಲ!

ರಮೇಶ: ಹೆದರಬೇಡ ಮಂಜು, ಈಗಷ್ಟೇ ಕಾಯ್ದೆ ಓದಿದೆ. 17ನೇ ಕಲಂ ನೋಡು. ಸರ್ಕಾರ ಅಥವಾ ಅದು ನೇಮಿಸಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಸುಧಾ ಹೋದರೆ ವಾಪಸ್ ಕಳುಹಿಸುತ್ತಾರೆ.

ಸುಧಾ: ನಿಜ. ನನ್ನ ಸಿಟ್ಟೂ ಅದರ ಮೇಲೆಯೇ. ಒಪ್ಪಂದಗಳ ರಕ್ಷಣೆಯಲ್ಲಿರುವವರನ್ನು ಬೇಕೆಂದೇ ಕೊಂದರೆ 3ನೇ ಕಲಂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಹೇಳುತ್ತದೆ. ಅಲ್ಲಿಯೂ ದೂರು ಸರ್ಕಾರದಿಂದಲೇ ಬರಬೇಕು. ನಾಳೆ ಆರೋಪ ಸರ್ಕಾರದ ಸೈನಿಕನ ಮೇಲೆಯೇ ಬಂದರೆ? 1969ರಲ್ಲಿ ಗೋವಾದ ಪಾದ್ರಿ ಮೊಂತೇರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಈ ಕಾಯ್ದೆ ನ್ಯಾಯಾಲಯದ ಮೆಟ್ಟಿಲೇರುವ ಪ್ರತ್ಯೇಕ ಹಕ್ಕನ್ನು ಯಾರಿಗೂ ಕೊಡುವುದಿಲ್ಲ ಎಂದಿತು.

ರಮೇಶ: ಅಂದರೆ ನಾನು ಹೇಳಿದ್ದೇ ಸರಿ.

ಸುಧಾ: ಪೊಲೀಸರಿಲ್ಲದಾಗ ಸೌತ್ ಎಂಡ್ ವೃತ್ತದಲ್ಲಿ ನೀನು ಸಿಗ್ನಲ್ ದಾಟುವುದು ಸರಿ ಎಂದಾದರೆ ಇದೂ ಸರಿ.

ಮಂಜುನಾಥ: ಹಸಿರು ಹಿನ್ನೆಲೆಯಲ್ಲಿ ಬಿಳಿ ಪ್ಲಸ್ ಹಾಕಬಹುದೇ?

ಸುಧಾ: ಧಾರಾಳವಾಗಿ. ಪ್ರಥಮ ಚಿಕಿತ್ಸೆಗೆ ಎಲ್ಲ ಕಡೆ ಬಳಸುವುದು ಅದನ್ನೇ.

ರಮೇಶ: ಹಸಿರು ಕಂಡರೆ ಯಾವುದೋ ಪಕ್ಷದ ಶಿಬಿರ ಎನ್ನುತ್ತಾರೆ, ನೋಡುತ್ತಿರಿ.

ಮಂಜುನಾಥ: ಎಂಟಕ್ಕೆ ಪ್ರೆಸ್ ಮುಚ್ಚುತ್ತದೆ. ಹಸಿರನ್ನೇ ಕಳುಹಿಸುತ್ತಿದ್ದೇನೆ. ಬಿಪಿ ಯಂತ್ರ ಯಾರು ತರುತ್ತೀರಿ?