ಎಕ್ಸ್‌ರೇ ನಾರ್ಮಲ್, ನಾನು ಮಾತ್ರ ಅಲ್ಲ

ಸಕಲೇಶಪುರದ ಟೀಚರ್:
ನನಗೆ 31 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎರಡು ವರ್ಷದಿಂದ ಸೊಂಟದ ಕೆಳಗೆ ಆಳದಲ್ಲಿ ನೋವು. ಒಂದು ತಿಂಗಳು ಬಲಗಡೆ, ಇನ್ನೊಂದು ತಿಂಗಳು ಎಡಗಡೆ. ಬೆಳಗಿನ ಜಾವ ನಾಲ್ಕು ಗಂಟೆಗೆ ನೋವೇ ಎಬ್ಬಿಸುತ್ತದೆ. ಮಗ್ಗುಲು ಬದಲಿಸಲು ಮಂಚದ ಅಂಚು ಹಿಡಿಯಬೇಕು. ಎದ್ದು ಅಂಗಳ ಗುಡಿಸಿ ಹತ್ತು ಅಕ್ಕಿರೊಟ್ಟಿ ತಟ್ಟುವಷ್ಟರಲ್ಲಿ ಮೈ ಸಡಿಲವಾಗುತ್ತದೆ. ಉತ್ತರ ಪತ್ರಿಕೆ ತಿದ್ದಲು ಎರಡು ಗಂಟೆ ಕುಳಿತರೆ ಮತ್ತೆ ಬೆನ್ನು ಹಲಗೆ.

ಮೂಳೆ ವೈದ್ಯರ ಬಳಿ ಮೂರು ಸಲ ಹೋದೆ. ಮೊದಲ ಸಲ ಎಕ್ಸ್‌ರೇ ನಾರ್ಮಲ್ ಎಂದು ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಂದು ವಿಟಮಿನ್ ಡಿ ಪುಡಿ ಕೊಟ್ಟರು. ಎರಡನೆಯ ಸಲ, "ಸಿಸೇರಿಯನ್ ಆಗಿದೆಯಲ್ಲ, ಬೆನ್ನಿಗೆ ಇಂಜೆಕ್ಷನ್ ಕೊಟ್ಟಿರುತ್ತಾರೆ, ಇದ್ದದ್ದೇ" ಎಂದರು. ಮಗನಿಗೆ ಐದು ವರ್ಷ, ನೋವಿಗೆ ಎರಡು. ಗಣಿತದವಳಿಗೆ ಈ ಲೆಕ್ಕ ಕೂಡಲಿಲ್ಲ.

ಮೂರನೆಯ ಸಲ ಎಲ್ಲವನ್ನೂ ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆದುಕೊಂಡು ಹೋದೆ. ಅವರು ಓದಲಿಲ್ಲ. ಹಾಳೆ ಮಗುಚಿ, ಹಿಂಭಾಗದಲ್ಲಿ ಸೊಂಟದ ಬೆಲ್ಟಿನ ಅಳತೆ ಬರೆದು ನನ್ನವರ ಕೈಗೆ ಕೊಟ್ಟರು. "ಇವರಿಗೆ ಟೆನ್ಷನ್ ಜಾಸ್ತಿ, ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬನ್ನಿ." ನನ್ನವರು ತಲೆಯಾಡಿಸಿದರು. ವೈದ್ಯರಿಗಿಂತ ಆ ತಲೆಯಾಡಿಸಿದ್ದೇ ಹೆಚ್ಚು ನೋಯಿಸಿತು.

ಇನ್ನು ಯಾರಿಗೆ ತೋರಿಸಲಿ? ಏನೆಂದು ಹೇಳಿದರೆ ಕೇಳಿಸಿಕೊಳ್ಳುತ್ತಾರೆ?

ಹಳೇ ಬೆನ್ನು:
ಮೇಡಂ, ನಿಮ್ಮ ಬರಹ ಓದಿ ನನ್ನದೇ ಕಥೆ ಅನ್ನಿಸಿತು. ನನ್ನದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆ ಮತ್ತು ಅದರ ಬುಡದ ಕೀಲುಗಳಿಗೆ ಬರುವ ಉರಿಯೂತದ ಕಾಯಿಲೆ. ಹೆಸರು ಸಿಗಲು ಆರು ವರ್ಷ ಬೇಕಾಯಿತು. ನಿಮಗೂ ಅದೇ ಎಂದು ಹೇಳುವ ಅರ್ಹತೆ ನನಗಿಲ್ಲ. ಆದರೆ ವಿಶ್ರಾಂತಿಯಲ್ಲಿ ಹೆಚ್ಚಾಗಿ, ಓಡಾಡಿದರೆ ಕಡಿಮೆಯಾಗುವ ನೋವು ಉಳುಕಿನದಲ್ಲ, ಉರಿಯೂತದ್ದಿರಬಹುದು. ರುಮಟಾಲಜಿಸ್ಟ್, ಅಂದರೆ ಕೀಲುಗಳ ಉರಿಯೂತದ ತಜ್ಞರ ಬಳಿ ಹೋಗಿ. ಈ ಕಾಯಿಲೆಯಲ್ಲಿ ಮೊದಲ ಕೆಲವು ವರ್ಷ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಎಂ.ಆರ್.ಐ. ಬರೆದುಕೊಟ್ಟರೆ ಎಲ್ಲಿಯದು ಎಂದು ಕೇಳಿ. ನನಗೆ ಮೊದಲು ಮಾಡಿದ್ದು ಬರೀ ಸೊಂಟದ ಬೆನ್ನುಮೂಳೆಯದು. ತೊಂದರೆ ಇದ್ದದ್ದು ಅದರ ಕೆಳಗೆ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಸೇಕ್ರೋಇಲಿಯಾಕ್ ಕೀಲಿನಲ್ಲಿ. ದುಡ್ಡೂ ಹೋಯಿತು, ಒಂದು ವರ್ಷವೂ ಹೋಯಿತು.

ಅಂದ ಹಾಗೆ, ಯಾವಾಗಲಾದರೂ ಒಂದೇ ಕಣ್ಣು ಕೆಂಪಾಗಿ ನೋಯುತ್ತಿತ್ತೇ?

ಗೌರಮ್ಮನ ಮಗಳು:
ನಮ್ಮ ಕಡೆ ಬಾಣಂತನ ಸರಿಯಾಗಿ ಆಗದಿದ್ದರೆ ಹೀಗೆ ಎನ್ನುತ್ತಾರೆ. ಹರಳೆಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಿ, ಎಲ್ಲದಕ್ಕೂ ದೊಡ್ಡ ಡಾಕ್ಟರ್ ಬೇಕಿಲ್ಲ.

ನರ್ಸ್ ಅಕ್ಕ, ಶಿವಮೊಗ್ಗ:
ಬಿಸಿನೀರು ಹಾಯೆನಿಸುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಎರಡು ವರ್ಷದ ನೋವಿಗೆ ಅಷ್ಟೇ ಸಾಲದು.

ತಂಗಿ, ಹೊರರೋಗಿ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ವೈದ್ಯರ ಕಿವಿ ತೆರೆದಿರುವುದು ಮೊದಲ ಅರ್ಧ ನಿಮಿಷ. "ಬೆನ್ನುನೋವು" ಎಂದು ಶುರು ಮಾಡಿದರೆ ಅವರ ಪೆನ್ನು ಆಗಲೇ ಬೆಲ್ಟ್ ಬರೆಯುತ್ತಿರುತ್ತದೆ. "ಬೆಳಗ್ಗೆ ಎದ್ದಾಗ ಒಂದು ಗಂಟೆ ಮೈ ಬಿಗಿದಿರುತ್ತದೆ, ನಡೆದರೆ ಸರಿಹೋಗುತ್ತದೆ, ಎರಡು ವರ್ಷವಾಯಿತು" ಎಂದೇ ಶುರು ಮಾಡಿ. ಉರಿಯೂತ ತೋರಿಸುವ ರಕ್ತಪರೀಕ್ಷೆಗಳು, ಇ.ಎಸ್.ಆರ್., ಸಿ.ಆರ್.ಪಿ., ಮಾಡಿಸಬೇಕೇ ಎಂದು ಕೇಳಿ. ಈ ಕಾಯಿಲೆಗೆ ನಂಟಿರುವ ವಂಶವಾಹಿಯ ಪರೀಕ್ಷೆ ಎಚ್.ಎಲ್.ಎ. ಬಿ27 ಬರೆದರೆ ಅದೊಂದನ್ನೇ ನಂಬಿ ಕೂರಬೇಡಿ: ಪಾಸಿಟಿವ್ ಇದ್ದೂ ಆರೋಗ್ಯವಾಗಿರುವವರು ಬೇಕಾದಷ್ಟಿದ್ದಾರೆ, ನೆಗೆಟಿವ್ ಇದ್ದೂ ಕಾಯಿಲೆ ಇರುವವರಿದ್ದಾರೆ.

ಹಳೆಯ ಆಸ್ಪತ್ರೆಯಿಂದ ದಾಖಲೆಗಳನ್ನು ಕೇಳಿ ಪಡೆಯಿರಿ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮದಲ್ಲೇ ಇದೆ.

ಸಕಲೇಶಪುರದ ಟೀಚರ್:
ಕಣ್ಣಿನ ಪ್ರಶ್ನೆ ಓದಿ ಮೈ ಜುಮ್ಮೆಂದಿತು. ಕಳೆದ ಮಾರ್ಚಿನಲ್ಲಿ ಬಲಗಣ್ಣು ಕೆಂಪಾಗಿ, ಬೆಳಕು ನೋಡಲಾಗದೆ ತರಗತಿಯ ಕಿಟಕಿ ಮುಚ್ಚಿಸಿ ಪಾಠ ಮಾಡಿದ್ದೆ. ಮದ್ರಾಸ್ ಐ ಎಂದುಕೊಂಡೆವು. ಮನೆಯಲ್ಲಿ ಬೇರೆ ಯಾರಿಗೂ ಬರಲಿಲ್ಲ.

ಹಳೇ ಬೆನ್ನು:
ಇದನ್ನು ತಪ್ಪದೆ ಹೇಳಿ, ಈ ಕಾಯಿಲೆಯಲ್ಲಿ ಉರಿಯೂತ ಕಣ್ಣಿಗೂ ಬರುವುದುಂಟು. ಮತ್ತೆ ಹಾಗಾದರೆ ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಬೇಡ, ಅಂದೇ ಕಣ್ಣಿನ ವೈದ್ಯರ ಬಳಿ ಓಡಿ.

ಸಕಲೇಶಪುರದ ಟೀಚರ್:
ಬುಧವಾರ ಮೈಸೂರಿನಲ್ಲಿ ರುಮಟಾಲಜಿಸ್ಟ್ ಸಿಗುತ್ತಾರೆ. ನನ್ನವರಿಗೂ ಇದನ್ನೆಲ್ಲ ಓದಿಸಿದೆ, ಏನೂ ಮಾತಾಡಲಿಲ್ಲ. ಇಂದು ಬೆಳಗಿನ ಜಾವ ನಾನು ಮಂಚದ ಅಂಚು ಹಿಡಿದಾಗ ಲೈಟ್ ಹಾಕಿ, "4.10, ಬರೆದುಕೋ" ಎಂದರು.

ಒಂದು ಅನುಮಾನ. ಬೆಲ್ಟಿನ ಅಳತೆ ಇರುವ ಆ ಹಾಳೆಯನ್ನೇ ಒಯ್ಯಲೋ, ಹೊಸದು ಬರೆಯಲೋ?

ನರ್ಸ್ ಅಕ್ಕ, ಶಿವಮೊಗ್ಗ:
ಅದನ್ನೇ ಒಯ್ಯಿರಿ. ದಿನಾಂಕಗಳಿವೆಯಲ್ಲ.