ಮಕ್ಕಳ ಪ್ರಕೃತಿ-ವಿಜ್ಞಾನ ಸಮ್ಮರ್ ಕ್ಯಾಂಪ್: ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿಸ್ತೀರ?

ಎಲೆಮರೆ

ಎಲ್ಲರಿಗೂ ನಮಸ್ಕಾರ. ನಾವೊಂದಿಷ್ಟು ಜನ ಸೇರ್ಕೊಂಡು ಈ ಬೇಸಿಗೆ ರಜೆಲಿ 8ರಿಂದ 12 ವರ್ಷದ ಮಕ್ಕಳಿಗೆ ಆರು ದಿನದ ಕ್ಯಾಂಪ್ ಮಾಡ್ತಾ ಇದೀವಿ. ಮಕ್ಕಳು 24, ದೊಡ್ಡವರು ನಾಲ್ಕು ಜನ. ಜಾಗದಲ್ಲಿ ಒಂದು ಸಣ್ಣ ಕೊಳ ಇದೆ, ಸುತ್ತ ಮರಗಳಿವೆ, ಬಿಸಿಲಾದ್ರೆ ಕೂರೋಕೆ ಒಂದು ಹಾಲ್ ಇದೆ. ದಿನದ ಚಟುವಟಿಕೆ ಪಟ್ಟಿ ಮಾಡೋ ಕೆಲ್ಸ ನನ್ನ ಪಾಲಿಗೆ ಬಂದಿದೆ.

ಸದ್ಯಕ್ಕೆ ಬರೆದಿಟ್ಟಿರೋ ಟೈಮ್ ಟೇಬಲ್ ಹೇಗಿದೆ ಅಂದ್ರೆ ಮುಕ್ಕಾಲು ಗಂಟೆಗೊಂದು ಐಟಂ, ನೇಚರ್ ವಾಕ್, ಆಮೇಲೆ ಬೇಕಿಂಗ್ ಸೋಡಾ ಜ್ವಾಲಾಮುಖಿ, ಆಮೇಲೆ ಸ್ಲೈಮ್, ಆಮೇಲೆ ಎಲೆ ಅಂಟಿಸೋದು, ಆಮೇಲೆ ಕ್ವಿಜ್, ಹೀಗೆ ಸಂಜೆವರೆಗೂ ಓಡ್ತಾ ಇರತ್ತೆ. ನೋಡಿದ್ರೆ ಭರ್ಜರಿಯಾಗಿದೆ, ಆದ್ರೆ ಪ್ರಕೃತಿ ಒಂದು ಪೀರಿಯಡ್ಡು ವಿಜ್ಞಾನ ಇನ್ನೊಂದು ಪೀರಿಯಡ್ಡು ಆಗೋಗಿದೆ, ಎರಡಕ್ಕೂ ಸಂಬಂಧನೇ ಇಲ್ಲ, ಅದೇ ನಂಗೆ ಸಮಾಧಾನ ಆಗ್ತಿಲ್ಲ. ಕ್ಯಾಂಪ್ ನಡೆಸಿ ಅನುಭವ ಇರೋರು ದಿನಾನ ಹೇಗೆ ಹಂಚ್ತೀರ? ಮಧ್ಯಾಹ್ನದ ಬಿಸಿಲಲ್ಲಿ ಏನು ಮಾಡಿಸ್ತೀರ? ಹುಳ ಕಂಡ್ರೆ ಹೆದರೋ ಮಕ್ಕಳೂ ಇರ್ತಾರೆ, ಅವ್ರನ್ನ ಹೇಗೆ ಸೇರಿಸ್ಕೊಳ್ಳೋದು? ಒಂದು ರಾತ್ರಿ ಅಲ್ಲೇ ಉಳಿಯೋ ಯೋಚನೆನೂ ಇದೆ.

ಕೊಳದಂಚು

ಮೊದಲು ಆ ಪಟ್ಟಿಲಿ ಅರ್ಧ ಹೊಡೆದುಹಾಕಿ. ನಿಜವಾಗ್ಲೂ ಹೇಳ್ತಾ ಇದೀನಿ. ಮುಕ್ಕಾಲು ಗಂಟೆಗೊಂದು ಚಟುವಟಿಕೆ ಅಂದ್ರೆ ಮಗು ಯಾವುದನ್ನಾದ್ರೂ ಸರಿಯಾಗಿ ನೋಡೋಕೆ ಶುರು ಮಾಡೋ ಹೊತ್ತಿಗೆ "ನಡೀರಿ ನಡೀರಿ, ಮುಂದಿನದಕ್ಕೆ ಟೈಮ್ ಆಯ್ತು" ಅಂತ ಎಬ್ಬಿಸೋದೇ ಆಗತ್ತೆ. ದಿನಕ್ಕೆ ಎರಡು ದೊಡ್ಡ ಕೆಲ್ಸ ಸಾಕು, ಬೆಳಿಗ್ಗೆ ಹೊರಗೆ ಒಂದು, ಮಧ್ಯಾಹ್ನ ಒಳಗೆ ಒಂದು, ಮತ್ತೆ ಮಧ್ಯಾಹ್ನದ್ದು ಬೆಳಿಗ್ಗೆ ಹೊರಗೆ ಕಂಡಿದ್ದರಿಂದಲೇ ಹುಟ್ಟಬೇಕು. ನೀವು ಹೇಳಿದ ಸಂಬಂಧನೇ ಇಲ್ಲ ಅನ್ನೋ ಸಮಸ್ಯೆ ಅಲ್ಲಿಗೆ ತಾನಾಗೇ ಹೋಗತ್ತೆ.

ಉದಾಹರಣೆಗೆ ಕೊಳನೇ ತಗೊಳ್ಳಿ. ಬೆಳಿಗ್ಗೆ ಮಕ್ಕಳು ದಂಡೆಲಿ ಕೂತು ನೀರಿನ ಮೇಲೆ ಓಡಾಡೋ ಉದ್ದಕಾಲಿನ ಹುಳ ನೋಡ್ತಾರೆ, ಅದು ಮುಳುಗಲ್ಲ ಯಾಕೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಆಗ ಉತ್ತರ ಹೇಳ್ಬೇಡಿ. ಮಧ್ಯಾಹ್ನ ಹಾಲ್‌ನಲ್ಲಿ ಒಬ್ಬೊಬ್ಬರಿಗೂ ಒಂದು ಬಟ್ಟಲು ನೀರು, ಒಂದು ಗುಂಡುಪಿನ್ನು, ಒಂದು ಚೂರು ಟಿಶ್ಯೂ ಪೇಪರ್ ಕೊಡಿ. ಟಿಶ್ಯೂ ಮೇಲೆ ಪಿನ್ ಇಟ್ಟು ನೀರಿಗೆ ಬಿಟ್ರೆ ಟಿಶ್ಯೂ ನೆಂದು ಕೆಳಗೆ ಹೋಗತ್ತೆ, ಪಿನ್ ಮೇಲೇ ನಿಲ್ಲತ್ತೆ. ಕಣ್ಣು ನೀರಿನ ಮಟ್ಟಕ್ಕೆ ತಂದು ನೋಡಿದ್ರೆ ಪಿನ್ ಸುತ್ತ ನೀರು ಕೆಳಕ್ಕೆ ಬಾಗಿರೋದು ಕಾಣತ್ತೆ, ಬೆಳಿಗ್ಗೆ ಹುಳದ ಕಾಲಡಿ ಕಂಡಿದ್ದೂ ಅದೇ ಕುಳಿ. ಆಮೇಲೆ ಒಂದು ತೊಟ್ಟು ಸೋಪಿನ ನೀರು ಬಿಡ್ಸಿ. ಪಿನ್ ಪಟ್ ಅಂತ ಮುಳುಗತ್ತೆ. ಈಗ ಕೇಳಿ, ಕೊಳದಲ್ಲಿ ಬಟ್ಟೆ ಒಗೆದ್ರೆ ಆ ಹುಳದ ಗತಿ ಏನು ಅಂತ. ಪರಿಸರದ ಬಗ್ಗೆ ಬೇರೆ ಭಾಷಣ ಬೇಕಾಗಲ್ಲ.

ಇನ್ನೊಂದು ದಿನ ಕೊಳದ ಅಂಚಿನ ಜೊಂಡಿನ ಬುಡದಲ್ಲಿ ಜರಡಿ ಆಡಿಸಿ, ಬಂದಿದ್ದನ್ನ ಬಿಳಿ ಟ್ರೇಲಿ ಕೊಳದ್ದೇ ನೀರು ಹಾಕಿ ಬಿಡಿ. ಬಿಳಿ ಟ್ರೇನೇ ಆಗ್ಬೇಕು, ಬೇರೆ ಬಣ್ಣದ್ರಲ್ಲಿ ಏನೂ ಕಾಣಲ್ಲ. ಮೊದಲಿಗೆ ಬರೀ ಕೆಸರು ಅನ್ಸತ್ತೆ, ಎರಡು ನಿಮಿಷ ಸುಮ್ನೆ ಇದ್ರೆ ಕೆಸರು ನಡೆಯೋಕೆ ಶುರು ಮಾಡತ್ತೆ. ಏರೋಪ್ಲೇನ್ ಚಿಟ್ಟೆಯ ಮರಿ ಸಿಕ್ರೆ ನಿಮ್ಮ ಅದೃಷ್ಟ. ಆರು ಕಾಲು, ದೊಡ್ಡ ಕಣ್ಣು, ಮಣ್ಣುಬಣ್ಣದ ಮೈ, ರೆಕ್ಕೆ ಇರೋ ಅಮ್ಮನಿಗೂ ಇದಕ್ಕೂ ಏನೂ ಹೋಲಿಕೆ ಇಲ್ಲ. ಇದು ಉಸಿರಾಡೋದು ಹಿಂಭಾಗದ ಕರುಳಿನೊಳಗೆ ಇರೋ ಕಿವಿರಿಂದ, ಗಾಬರಿಯಾದ್ರೆ ಅಲ್ಲಿಂದಲೇ ನೀರನ್ನ ಜೋರಾಗಿ ಹೊರಕ್ಕೆ ಚಿಮ್ಮಿಸಿ ಮುಂದಕ್ಕೆ ಹಾರತ್ತೆ, ಟ್ರೇ ತಳದ ಕೆಸರು ಪುಸ್ ಅಂತ ಹಿಂದಕ್ಕೆ ಎದ್ದಿದ್ದು ಕಣ್ಣಿಗೇ ಕಾಣತ್ತೆ. ಸೊಳ್ಳೆಮರಿ ಪಕ್ಕ ಬಂದ್ರೆ ಮುಖದಡಿ ಮಡಚಿಟ್ಟಿರೋ ಕೆಳದವಡೆ ಸರಕ್ ಅಂತ ಚಾಚಿ ಹಿಡಿಯತ್ತೆ, ರೆಪ್ಪೆ ಮುಚ್ಚಿ ತೆಗೆಯೋದ್ರೊಳಗೆ ಮುಗಿದಿರತ್ತೆ. ಇದನ್ನ ಒಂದ್ಸಲ ಕಂಡ ಮಗು ಟ್ರೇ ಬಿಟ್ಟು ಏಳಲ್ಲ, ಆ ದಿನ ಬೇರೆ ಪ್ಲಾನ್ ಇದ್ರೂ ಬಿಟ್ಟುಬಿಡಿ.

ದಿನಾ ಬೆಳಿಗ್ಗೆ ಬಂದ ತಕ್ಷಣ ಹತ್ತು ನಿಮಿಷ ಶಬ್ದದ ನಕ್ಷೆ ಮಾಡ್ಸಿ. ಹಾಳೆ ಮಧ್ಯದಲ್ಲಿ ಒಂದು ಗುರುತು ಹಾಕ್ಕೊಂಡು ಅದೇ ತಾನು ಅಂತ ಅಂದ್ಕೊಂಡು, ಕೇಳಿದ ಶಬ್ದ ಯಾವ ದಿಕ್ಕಿಂದ ಎಷ್ಟು ದೂರದಿಂದ ಬಂತೋ ಅಲ್ಲಿ ಒಂದು ಚಿಕ್ಕ ಚಿತ್ರ ಬರೆಯೋದು. ಪ್ರತಿ ಮಗುಗೂ ಒಂದು ಜಾಗ, ಆರು ದಿನಾನೂ ಅದೇ ಜಾಗ. ಮೊದಲ ದಿನ ಎಲ್ರೂ ಪಿಸಿಪಿಸಿ ಅಂತಾರೆ, ತಲೆ ಕೆಡಿಸ್ಕೋಬೇಡಿ, ಮೂರನೇ ದಿನದ ಹಾಳೆನ ಮೊದಲ ದಿನದ್ದಕ್ಕೆ ಪಕ್ಕ ಇಟ್ಟು ನೋಡಿದ್ರೆ ಅವ್ರಿಗೇ ಆಶ್ಚರ್ಯ ಆಗತ್ತೆ.

ಸಂಜೆತಾರೆ

ಕೊಳದಂಚು ಅವ್ರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ಆಕಾಶದ ಕಡೆಯೋನು, ಹಂಗಾಗಿ ಅದನ್ನಷ್ಟೇ ಸೇರಿಸ್ತೀನಿ.

ಬಯಲಲ್ಲಿ ಒಂದು ನೆಟ್ಟಗಿನ ಕೋಲು ನೆಡಿ, ಅರ್ಧ ಗಂಟೆಗೊಂದ್ಸಲ ಇಬ್ಬರು ಮಕ್ಕಳು ಓಡಿಹೋಗಿ ನೆರಳಿನ ತುದಿಗೆ ಒಂದು ಕಲ್ಲಿಟ್ಟು ಬರಲಿ. ಮಧ್ಯಾಹ್ನದ ಬಿಸಿಲಲ್ಲೂ ಮಾಡಬಹುದಾದ ಹೊರಗಿನ ಕೆಲ್ಸ ಇದೊಂದೇ, ಯಾಕಂದ್ರೆ ಒಂದೇ ನಿಮಿಷದ್ದು. ಸಂಜೆಗೆ ಕಲ್ಲಿನ ಸಾಲು ನೋಡಿ ಅತಿ ಚಿಕ್ಕ ನೆರಳು ಎಷ್ಟು ಗಂಟೆಗೆ ಬಿತ್ತು ಅಂತ ಹುಡುಕ್ಸಿ, ಸರಿಯಾಗಿ 12ಕ್ಕೇ ಬಿದ್ದಿರೋದು ಅಪರೂಪ, ಯಾಕೆ ಅಂತ ಅವ್ರೇ ತಲೆ ಕೆರೆದುಕೊಳ್ಳಲಿ. ಬೆಳಿಗ್ಗೆದೊಂದು, ಮಧ್ಯಾಹ್ನದ ಮೇಲಿನದೊಂದು, ಉದ್ದ ಸಮ ಇರೋ ಎರಡು ನೆರಳಿನ ತುದಿಗೆ ದಾರ ಎಳೆದ್ರೆ ಪೂರ್ವ-ಪಶ್ಚಿಮ ಸಿಕ್ತು, ದಿಕ್ಸೂಚಿನೇ ಬೇಡ. ದೊಡ್ಡ ಮಕ್ಕಳಿಗೆ ಎರಟೋಸ್ತನೀಸ್ ಕಥೆ ಇಲ್ಲೇ ಹೇಳಿ, ಸುಮಾರು 2200 ವರ್ಷದ ಹಿಂದೆ ಈಜಿಪ್ಟಿನ ಎರಡು ಊರಿನ ನೆರಳು ಹೋಲಿಸಿ ಇಡೀ ಭೂಮಿ ಸುತ್ತಳತೆ ಲೆಕ್ಕ ಹಾಕಿದ ಮನುಷ್ಯ. ಕಲ್ಲು ಇಟ್ಟ ಕೈಗೆ ಆ ಕಥೆ ಅರ್ಥ ಆಗತ್ತೆ.

ಸೂರ್ಯನ್ನ ನೇರ ನೋಡೋದು ಮಾತ್ರ ಯಾವ ಕಾರಣಕ್ಕೂ ಬೇಡ, ಬೈನಾಕ್ಯುಲರ್‌ನಲ್ಲಂತೂ ಕ್ಷಣ ಕೂಡ ಬೇಡ, ಕಣ್ಣು ಹೋಗತ್ತೆ. ರಟ್ಟಿನ ಡಬ್ಬಿಗೆ ಸೂಜಿತೂತು ಮಾಡಿ ಬಿಂಬ ಒಳಗಿನ ಹಾಳೆ ಮೇಲೆ ಬೀಳ್ಸಿ. ಅದೇ ಡಬ್ಬಿನ ಹಾಲ್ ಬಾಗಿಲಿಗೆ ತಿರುಗಿಸಿದ್ರೆ ಮರ ತಲೆಕೆಳಗಾಗಿ ಕಾಣತ್ತೆ, ಒಂದೇ ಡಬ್ಬಿ ಎರಡು ಕೆಲ್ಸ.

ರಾತ್ರಿ ಉಳಿಯೋದಾದ್ರೆ ಹುಣ್ಣಿಮೆ ಆರಿಸ್ಕೋಬೇಡಿ. ಶುಕ್ಲಪಕ್ಷದ ಅರ್ಧಚಂದ್ರ ಇರೋ ದಿನ ನೋಡ್ಕೊಳ್ಳಿ. ಬೆಳಕು-ಕತ್ತಲೆ ಸೇರೋ ಗೆರೆ ಹತ್ರ ಕುಳಿಗಳ ನೆರಳು ಉದ್ದ ಇರತ್ತೆ, ಸಾಧಾರಣ 10×50 (ಹತ್ತು ಪಟ್ಟು ದೊಡ್ಡದು ಮಾಡೋ, 50 ಮಿ.ಮೀ. ಗಾಜಿನ) ಬೈನಾಕ್ಯುಲರ್‌ನಲ್ಲೇ ಎದ್ದು ಕಾಣತ್ತೆ, ಹುಣ್ಣಿಮೆ ಚಂದ್ರ ಚಪ್ಪಟೆ ತಟ್ಟೆ ಥರ ಕಾಣತ್ತೆ ಅಷ್ಟೇ. ಆಗ ಗುರುಗ್ರಹ ಆಕಾಶದಲ್ಲಿದ್ರೆ ಬೈನಾಕ್ಯುಲರನ್ನ ಗೋಡೆಗೆ ಒರಗಿಸಿ ಅಲ್ಲಾಡದ ಹಾಗೆ ಹಿಡಿದು ತೋರ್ಸಿ, ಪಕ್ಕದಲ್ಲಿ ಸಾಲಾಗಿ ಚುಕ್ಕಿ ಇರ್ತವೆ, 1610ರಲ್ಲಿ ಗೆಲಿಲಿಯೋ ಕಂಡ ಅದೇ ಚಂದ್ರಗಳು. ಆಕಾಶದ ನಕ್ಷೆ ತೋರಿಸೋ ಸ್ಟೆಲೇರಿಯಂ ಆ್ಯಪ್‌ನಲ್ಲಿ ಮೊದಲೇ ಆ ದಿನಾಂಕ ಹಾಕಿ ನೋಡ್ಕೊಳ್ಳಿ. ಕಣ್ಣು ಕತ್ತಲೆಗೆ ಹೊಂದೋಕೆ 20-30 ನಿಮಿಷ ಬೇಕು, ಯಾರಾದ್ರೂ ಒಬ್ರು ಮೊಬೈಲ್ ಬೆಳಗಿಸಿದ್ರೆ ಮತ್ತೆ ಮೊದಲಿಂದ. ಟಾರ್ಚಿಗೆಲ್ಲ ಕೆಂಪು ಕಾಗದ ಸುತ್ತಿ.

ಎಲೆಮರೆ

ಅಬ್ಬಾ, ಇಷ್ಟು ಬೇಗ ಇಷ್ಟು ಬರೀತೀರಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ರಾತ್ರಿಗೆ ಬಿಳಿ ಬಟ್ಟೆ ಕಟ್ಟಿ, ಪಕ್ಕ ದೀಪ ಹಚ್ಚಿ ಪತಂಗ ನೋಡೋದು ಇಟ್ಕೊಂಡಿದೀನಿ, ನಕ್ಷತ್ರ ನೋಡೋ ದಿನವೇ ಅದೂ ಮಾಡಬಹುದಾ? ಮತ್ತೆ ಮೈಕ್ರೋಸ್ಕೋಪ್ ಒಂದೇ ಇರೋದು, 24 ಮಕ್ಕಳು ಸಾಲು ನಿಂತ್ರೆ ಅದೇ ಒಂದು ಗಂಟೆ.

ಸಂಜೆತಾರೆ

ಮಾಡಬಹುದು, ನಕ್ಷತ್ರ ಮೊದಲು, ದೀಪ ಆಮೇಲೆ. ಬಟ್ಟೆ ಕಟ್ಟಿದ ಜಾಗ ದೂರ ಇರಲಿ. ಪತಂಗಕ್ಕೆ ದೀಪ ಅಂದ್ರೆ ಇಷ್ಟ ಅಂತಲೇ ಎಲ್ರೂ ಹೇಳೋದು, ಆದ್ರೆ 2024ರಲ್ಲಿ ಹೈಸ್ಪೀಡ್ ಕ್ಯಾಮೆರಾದಲ್ಲಿ ನೋಡಿದವ್ರು ಬೇರೇನೇ ಕಂಡ್ಕೊಂಡ್ರು. ಹಾರೋ ಹುಳಗಳು ಬೆನ್ನನ್ನ ಬೆಳಕಿನ ಕಡೆ ತಿರುಗಿಸ್ಕೊಳ್ತವೆ, ಆಕಾಶ ಮೇಲಿದೆ ಅಂತ ಗೊತ್ತಾಗೋದೇ ಹಾಗೆ, ಪಕ್ಕದಲ್ಲಿ ಬಲ್ಬ್ ಇದ್ರೆ ಅದಕ್ಕೇ ಬೆನ್ನು ಕೊಟ್ಟು ಸುತ್ತುತಾ ಸಿಕ್ಕಾಕೊಳ್ತವೆ. ಮಕ್ಕಳಿಗೆ ಇದನ್ನ ಹೇಳಿ, ಅರ್ಧ ಗಂಟೆ ನೋಡಿ, ಚಿತ್ರ ಬರೆದು, ದೀಪ ಆರಿಸಿಬಿಡಿ. ರಾತ್ರಿಯಿಡೀ ಉರಿಸೋದು ಬೇಡ.

ಡಬ್ಬಿಮುಚ್ಚಳ

ಒಂದೆರಡು ಮಾತು, ಒಂದರಲ್ಲಿ ಕೊಳದಂಚು ಅವ್ರ ಜೊತೆ ಭಿನ್ನಾಭಿಪ್ರಾಯ ಇದೆ. ಸದ್ದು-ಚಿಮ್ಮೋ ಐಟಂ ಪೂರ್ತಿ ತೆಗೀಬೇಡಿ. ಮಕ್ಕಳಿಗೆ ಅದು ಬೇಕು, ಕೊನೇ ದಿನಕ್ಕೆ ವಾಟರ್ ರಾಕೆಟ್ ಇಡಿ, ಬಾಟಲಿಗೆ ಸ್ವಲ್ಪ ನೀರು ಹಾಕಿ ಪಂಪಲ್ಲಿ ಗಾಳಿ ತುಂಬಿ ಹಾರಿಸೋದು. ಸೋಡಾ ಬರೋ ಪ್ಲಾಸ್ಟಿಕ್ ಬಾಟಲ್ ಮಾತ್ರ, ಒತ್ತಡ ತಡ್ಕೊಳ್ಳೋದು ಅದೇ, ಮಾಮೂಲಿ ನೀರಿನ ಬಾಟಲ್ ಬೇಡ. ಸೈಕಲ್ ಪಂಪು ದೊಡ್ಡವರ ಕೈಲಿ, ಮಕ್ಕಳೆಲ್ಲ ಹಗ್ಗದ ಹಿಂದೆ. ನೀರು ಕಾಲು ಭಾಗ, ಮೂರನೇ ಒಂದು ಭಾಗ, ಅರ್ಧ, ಮುಕ್ಕಾಲು ಹೀಗೆ ಬದಲಾಯಿಸಿ ಯಾವುದು ಮೇಲೆ ಹೋಗತ್ತೆ ಅಂತ ಮೊದಲೇ ಊಹೆ ಬರೆಸಿ. ಎಷ್ಟು ಸಲ ಪಂಪ್ ಹೊಡೆದ್ರಿ ಅನ್ನೋದು ಪ್ರತಿ ಸಲ ಒಂದೇ ಇರಲಿ, ಇಲ್ಲಾಂದ್ರೆ ಹೋಲಿಸೋಕಾಗಲ್ಲ. ಇದನ್ನ ಹೇಳಿಕೊಡೋ ಅಗತ್ಯ ಇಲ್ಲ, ಎರಡು ಗುಂಪು ಜಗಳ ಆಡ್ಲಿ, "ನೀವು ಜಾಸ್ತಿ ಹೊಡೆದ್ರಿ" ಅಂತ ಅವ್ರೇ ಹೇಳ್ತಾರೆ.

ಮೈಕ್ರೋಸ್ಕೋಪ್ ಒಂದೇ ಅಂದ್ರಲ್ಲ, ಗುಂಪು ಮಾಡಿ. ಆರಾರು ಮಕ್ಕಳು ನಾಲ್ಕು ಮೇಜು, ಒಂದರಲ್ಲಿ ಮೈಕ್ರೋಸ್ಕೋಪು, ಒಂದರಲ್ಲಿ ದಾಸವಾಳದ ಬಣ್ಣ, ಒಂದರಲ್ಲಿ ಮಣ್ಣು, ಒಂದರಲ್ಲಿ ಬರವಣಿಗೆ. ದಾಸವಾಳದ ದಳ ಬಿಸಿನೀರಲ್ಲಿ ಹಾಕಿದ್ರೆ ಬರೋ ನೀರಿಗೆ ನಿಂಬೆರಸ ಬಿಟ್ರೆ ಕಡುಗುಲಾಬಿ, ಸೋಪಿನ ನೀರು ಬಿಟ್ರೆ ಹಸಿರು, ಸಣ್ಣ ಮಕ್ಕಳು ಕೂಡ ತಾವಾಗೇ ಮಾಡ್ತಾರೆ. ಮಣ್ಣಿನ ಮೇಜಲ್ಲಿ ಗಾಜಿನ ಬಾಟಲಿಗೆ ಮಣ್ಣು ನೀರು ಹಾಕಿ ಕುಲುಕಿ ಇಡೋದಷ್ಟೇ, ಮರಳು ನಿಮಿಷದಲ್ಲಿ ತಳ ಸೇರತ್ತೆ, ಜೇಡಿ ಮಾರನೇ ದಿನಾನೂ ನೀರನ್ನ ರಾಡಿ ಮಾಡಿಟ್ಟಿರತ್ತೆ. ಸಾಧ್ಯ ಆದ್ರೆ ಫೋಲ್ಡ್‌ಸ್ಕೋಪ್ ನಾಲ್ಕು ತರ್ಸಿ, ಮಡಚೋ ಕಾಗದದ ಮೈಕ್ರೋಸ್ಕೋಪು, ಸುಮಾರು 140 ಪಟ್ಟು ದೊಡ್ಡದು ಮಾಡತ್ತೆ, ಕೊಳದ ಹತ್ರಕ್ಕೇ ಒಯ್ಯಬಹುದು.

ಹೆದರೋ ಮಕ್ಕಳಿಗೆ "ಏನೂ ಮಾಡಲ್ಲ ಮುಟ್ಟು" ಅಂತ ಹೇಳಲೇಬೇಡಿ. ಅವ್ರಿಗೆ ಲೆಕ್ಕ ಬರೆಯೋ ಕೆಲ್ಸ ಕೊಡಿ, ಟ್ರೇಲಿ ಎಷ್ಟು ಬಗೆ ಇವೆ, ಯಾವುದು ಯಾವ ಕಡೆ ಹೋಗ್ತಿದೆ ಅಂತ. ಬರೆಯೋ ನೆಪದಲ್ಲಿ ಹತ್ರ ಬರ್ತಾರೆ, ಬರದಿದ್ರೂ ಸರಿ, ದೂರದಿಂದ ನೋಡೋದೂ ನೋಡೋದೇ. ಇರುವೆ ಸಾಲು ಇಂಥವ್ರಿಗೆ ಚೆನ್ನಾಗಿ ಹೊಂದತ್ತೆ, ಒಂದು ಕಡ್ಡಿಲಿ ಸಾಲಿಗೆ ಅಡ್ಡ ಒರೆಸಿ ಕೂತ್ಕೊಂಡ್ರೆ ಸಾಕು, ವಾಸನೆ ಗೆರೆ ಕಿತ್ತುಹೋಗಿ ಇರುವೆಗಳು ಅಲ್ಲೇ ತಡಕಾಡಿ ಮತ್ತೆ ದಾರಿ ಜೋಡಿಸ್ಕೊಳ್ಳೋವರೆಗೂ ನೋಡ್ತಾ ಇರ್ತಾರೆ.

ಇನ್ನು ಸುರಕ್ಷತೆ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹಗಲು ಕ್ಯಾಂಪಿಗೆ ಹೇಳೋದು 6-8 ವರ್ಷದವ್ರಿಗೆ ಎಂಟು ಮಕ್ಕಳಿಗೊಬ್ಬರು, 9-14ಕ್ಕೆ ಹತ್ತಕ್ಕೊಬ್ಬರು. ನಾಲ್ಕು ಜನ ಇರೋದ್ರಿಂದ ಲೆಕ್ಕಕ್ಕೆ ನಿಮ್ಮದು ಸರಿಯಾಗೇ ಇದೆ, ಆದ್ರೆ ಕೊಳದ ದಂಡೆಲಿ ನಾನಾದ್ರೆ ಎಲ್ಲರನ್ನೂ ಒಟ್ಟಿಗೆ ಇಳಿಸಲ್ಲ, ಅರ್ಧ ಮಕ್ಕಳು ಕೊಳಕ್ಕೆ ಅರ್ಧ ಮಕ್ಕಳು ಮರದ ಕೆಳಗೆ, ದಂಡೆಲಿರೋ ಒಬ್ರು ಬೇರೇನೂ ಮಾಡದೆ ಬರೀ ತಲೆ ಎಣಿಸ್ತಾ ಇರ್ಬೇಕು, ಅವ್ರ ಕೈಲಿ ಫೋನೂ ಬೇಡ ಟ್ರೇನೂ ಬೇಡ. ಜೇನು-ಕಣಜ ಕಚ್ಚಿದ್ರೆ ಯಾರಿಗೆ ಅಲರ್ಜಿ ಆಗತ್ತೆ, ಯಾರಿಗೆ ಉಬ್ಬಸ ಇದೆ ಅನ್ನೋದನ್ನ ಅಪ್ಪ-ಅಮ್ಮಂದಿರಿಂದ ಮೊದಲೇ ಬರೆಸ್ಕೊಳ್ಳಿ. ಬಾಯಾರಿಕೆ ಆಗ್ಲಿ ಅಂತ ಕಾಯದೆ ಆಗಾಗ ನೀರು ಕುಡಿಸಿ. ಹಿಡಿದ ಹುಳ ಹಿಡಿದ ಜಾಗಕ್ಕೇ ವಾಪಸ್, ಟ್ರೇ ನೆರಳಲ್ಲೇ ಇರಲಿ, ಸ್ವಲ್ಪ ನೀರು ಬಿಸಿಲಿಗೆ ಬೇಗ ಕಾಯತ್ತೆ.

ಎರಡುಮಕ್ಕಳಮ್ಮ

ನಾನು ಕ್ಯಾಂಪ್ ನಡೆಸೋಳಲ್ಲ, ಮಕ್ಕಳನ್ನ ಕಳಿಸೋಳು. ನಂದೊಂದು ವಿನಂತಿ, ನೋಟ್‌ಬುಕ್ ಕೊಟ್ರೆ ಅದಕ್ಕೆ ಮಾರ್ಕ್ಸು, ಸ್ಟಾರು, ಕಾಗುಣಿತ ತಿದ್ದೋದು ಏನೂ ಬೇಡ. ನನ್ನ ಮಗಳು ಒಂದು ಕ್ಯಾಂಪಿಂದ ತಂದ ಪುಸ್ತಕದಲ್ಲಿ ಅವಳು ಬರೆದ ಹಕ್ಕಿ ಚಿತ್ರದ ಮೇಲೆ ಕೆಂಪು ಪೆನ್ನಲ್ಲಿ ಕೊಕ್ಕು ಸರಿಮಾಡಿ ಕೊಟ್ಟಿದ್ರು, ಆಮೇಲೆ ಅವಳು ಆ ಪುಸ್ತಕ ತೆಗೀಲೇ ಇಲ್ಲ. ಹೆಸರು ಗೊತ್ತಿಲ್ಲದ ಹುಳಕ್ಕೆ ಅವ್ರೇ ಒಂದು ಹೆಸರಿಟ್ಕೊಳ್ಲಿ, ನಿಜವಾದ ಹೆಸರು ಸಂಜೆ ಹುಡುಕಬಹುದು. ಫೋಟೋ ನೋಡಿ ಗಿಡ-ಹುಳ ಗುರುತಿಸೋ ಸೀಕ್ ಆ್ಯಪ್‌ಗೆ ಅಕೌಂಟ್ ಬೇಕಿಲ್ಲ, ದೊಡ್ಡವರ ಫೋನಲ್ಲೇ ತೋರಿಸಬಹುದು.

ಎಲೆಮರೆ

ನಿಮ್ಮ ಮಾತು ಬರೆದಿಟ್ಕೊಂಡೆ ಅಕ್ಕ. ಪಟ್ಟಿ ಪೂರ್ತಿ ಹೊಸದಾಗಿ ಮಾಡ್ತೀನಿ, ಸ್ಲೈಮ್ ಹೋಯ್ತು, ಕ್ವಿಜ್ ಹೋಯ್ತು. ಬೆಳಿಗ್ಗೆ ಶಬ್ದದ ನಕ್ಷೆ, ಹೊರಗಿನ ಕೆಲ್ಸ ಹತ್ತು ಗಂಟೆ ಒಳಗೆ ಮುಗಿಸೋದು, ಮಧ್ಯಾಹ್ನ ನಾಲ್ಕು ಮೇಜು, ಬಿಸಿಲಿಳಿದ ಮೇಲೆ ಇನ್ನೊಂದ್ಸಲ ಹೊರಗೆ. ಆರು ದಿನಾನೂ ಒಂದೇ ಎಳೆ ಹಾಗೆ ಮುಂದುವರಿಯೋ ಒಂದು ಪ್ರಯೋಗ ಬೇಕಿತ್ತು, ಮಕ್ಕಳು ಬೆಳಿಗ್ಗೆ ಬಂದ ತಕ್ಷಣ ಓಡಿಹೋಗಿ ನೋಡೋಂಥದ್ದು. ಎಲೆ ಬಿಡೋ ನೀರು ನೋಡೋಕೆ ಗಿಡದ ಕೊಂಬೆಗೆ ಪ್ಲಾಸ್ಟಿಕ್ ಕವರ್ ಕಟ್ಟೋದು ಗೊತ್ತು, ಅದು ಒಂದೇ ದಿನದಲ್ಲಿ ಮುಗಿಯತ್ತೆ.

ಕೊಳದಂಚು

ಕಾಳು ಮೊಳಕೆ ಬರಿಸಿ. ಗಾಜಿನ ಲೋಟದ ಒಳಗೋಡೆಗೆ ಒದ್ದೆ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ಮಧ್ಯ ನೆನೆಸಿದ ಹೆಸರುಕಾಳು ಸಿಕ್ಸಿ, ಬೇರು ಹೊರಗಿಂದಲೇ ಕಾಣತ್ತೆ. ಬೇರು ಬೆರಳಿನ ಗೆಣ್ಣಿನಷ್ಟು ಇಳಿದ ಮೇಲೆ ಲೋಟಾನ ಅಡ್ಡ ಮಲಗಿಸಿಡಿ, ಮಾರನೇ ಬೆಳಿಗ್ಗೆ ನೋಡಿದ್ರೆ ಬೇರಿನ ತುದಿ ಬಾಗಿ ಮತ್ತೆ ನೆಲದ ಕಡೆ ತಿರುಗಿರತ್ತೆ. ಬೇರಿನ ತುದಿಯ ಜೀವಕೋಶದಲ್ಲಿ ಪಿಷ್ಟದ ಕಾಳುಗಳಿರ್ತವೆ, ಲೋಟ ಮಲಗಿಸಿದ್ರೆ ಅವು ಹೊಸ ತಳಕ್ಕೆ ಜಾರ್ತವೆ, ಕೆಳಗೆ ಯಾವುದು ಅಂತ ಬೇರಿಗೆ ಗೊತ್ತಾಗೋದು ಹಾಗೆ. ಇನ್ನೊಂದ್ಸಲ ತಿರುಗಿಸಿ ಇಡಿ, ಅಂಕುಡೊಂಕು ಬೇರು ಮಾಡೋ ಪೈಪೋಟಿ ಮಕ್ಕಳೇ ಶುರು ಮಾಡ್ತಾರೆ. ಕಾಳು ಕ್ಯಾಂಪಿನ ಹಿಂದಿನ ರಾತ್ರಿಯೇ ನೆನೆಹಾಕಿ, ಕಾಗದ ಒಣಗದ ಹಾಗೆ ನೋಡ್ಕೊಳ್ಳಿ, ಮತ್ತೆ ಎರಡು ಲೋಟ ತಿರುಗಿಸದೆ ಹಾಗೇ ಬಿಡಿ, ಹೋಲಿಸಿ ನೋಡೋಕೆ ಬೇಕಾಗತ್ತೆ.